ಎಚ್‌ಡಿ ವಿಡಿಯೊ ತಡವರಿಸದೆ ಓಡಬೇಕೆ? ಕಂಪ್ಯೂಟರ್‌ಗೆ ತಕ್ಕ ಪ್ಲೇಯರ್ ಆರಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮದುವೆಯ ವಿಡಿಯೊವನ್ನು ಸ್ಟುಡಿಯೊದವರು ಪೆನ್‌ಡ್ರೈವ್‌ನಲ್ಲಿ ಕೊಟ್ಟಿರುತ್ತಾರೆ. ಅದನ್ನು ಮನೆಯ ಹಳೆಯ ಲ್ಯಾಪ್‌ಟಾಪ್‌ಗೆ ಹಾಕಿ ತೆರೆದರೆ ನಾದಸ್ವರ ಸರಾಗವಾಗಿ ಕೇಳುತ್ತದೆ, ಚಿತ್ರ ಮಾತ್ರ ನಿಂತು ನಿಂತು ಜಿಗಿಯುತ್ತದೆ. ಆಗ ಬಹಳಷ್ಟು ಜನ ಬೇರೊಂದು ಪ್ಲೇಯರ್ ಹುಡುಕಿ ಹಾಕಿಕೊಳ್ಳುತ್ತಾರೆ. ಅದರಲ್ಲೂ ಸರಿಹೋಗದಿದ್ದರೆ ಮತ್ತೊಂದು, ಅದಾದ ಮೇಲೆ ಒಂದು ಕೋಡೆಕ್ ಪ್ಯಾಕ್ (ವಿಡಿಯೊವನ್ನು ಕುಗ್ಗಿಸಿ ಬಿಡಿಸುವ ವಿಧಾನಗಳಾದ ಕೋಡೆಕ್‌ಗಳ ಕಟ್ಟು). ಕೊನೆಗೆ ಕಂಪ್ಯೂಟರ್‌ನಲ್ಲಿ ಐದಾರು ಪ್ಲೇಯರ್‌ಗಳು ಸೇರಿಕೊಂಡಿರುತ್ತವೆ, ವಿಡಿಯೊ ಮೊದಲಿನಂತೆಯೇ ತಡವರಿಸುತ್ತಿರುತ್ತದೆ.

ಕೆಲಸದ ಕ್ರಮ ತಲೆಕೆಳಗಾದದ್ದೇ ಇದಕ್ಕೆ ಕಾರಣ. ಚಿತ್ರ ತಡವರಿಸುವುದು ಬಹುತೇಕ ಸಂದರ್ಭಗಳಲ್ಲಿ ಪ್ಲೇಯರ್‌ನ ದೋಷದಿಂದಲ್ಲ, ಕಡತದೊಳಗಿನ ಸಂಕೋಚನ ವಿಧಾನವನ್ನು ಬಿಡಿಸುವ ಸಾಮರ್ಥ್ಯ ಗ್ರಾಫಿಕ್ಸ್ ಚಿಪ್‌ಗೆ ಇಲ್ಲದಿರುವುದರಿಂದ ಅಥವಾ ಇದ್ದರೂ ಅದು ಬಳಕೆಯಾಗದಿರುವುದರಿಂದ. ಆದ್ದರಿಂದ ಮೊದಲು ಕಡತವನ್ನು, ಅನಂತರ ಚಿಪ್ಪನ್ನು, ಆಮೇಲೆ ಆ ಚಿಪ್ಪನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ನೋಡಿಕೊಂಡು, ಅವೆಲ್ಲ ತಿಳಿದ ಮೇಲೆ ಪ್ಲೇಯರ್ ಆರಿಸಬೇಕು.

## ಮೊದಲು ಕೈಯಲ್ಲಿರಬೇಕಾದವು

ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ, ವಿಂಡೋಸ್‌ನಲ್ಲೇ ಇರುವ ಟಾಸ್ಕ್ ಮ್ಯಾನೇಜರ್, ಕಂಪ್ಯೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಮತ್ತು ತೊಂದರೆ ಕೊಡುತ್ತಿರುವ ವಿಡಿಯೊದ ಒಂದು ಪ್ರತಿ. ಆ ಪ್ರತಿಯನ್ನು ಕಂಪ್ಯೂಟರ್‌ನ ಒಳಗಿನ ಡಿಸ್ಕ್‌ಗೆ ನಕಲಿಸಿಕೊಂಡಿರಬೇಕು. ಪೆನ್‌ಡ್ರೈವ್‌ನಿಂದಲೇ ಪರೀಕ್ಷೆ ಮಾಡಿದರೆ ದೋಷ ಡ್ರೈವ್‌ನದೋ ಪ್ಲೇಯರ್‌ನದೋ ತಿಳಿಯುವುದಿಲ್ಲ. ಹಿಂದೆ ಹಾಕಿಕೊಂಡ ಕೋಡೆಕ್ ಪ್ಯಾಕ್‌ಗಳಿದ್ದರೆ ಈಗಲೇ ತೆಗೆದುಹಾಕಿ ಕಂಪ್ಯೂಟರನ್ನು ಒಮ್ಮೆ ಮರುಪ್ರಾರಂಭಿಸಿ.

## ಹಂತ 1: ಕಡತದೊಳಗೆ ಏನಿದೆ ಎಂದು ನೋಡಿ

ಕಡತದ ಹೆಸರಿನ ಕೊನೆಯಲ್ಲಿರುವ ಎಂಪಿ4 ಅಥವಾ ಎಂಕೆವಿ ಎಂಬುದು ಡಬ್ಬದ ಹೆಸರೇ ಹೊರತು ಒಳಗಿರುವ ಪದಾರ್ಥದ ಹೆಸರಲ್ಲ. ಒಂದೇ ಎಂಪಿ4 ಡಬ್ಬದಲ್ಲಿ ಹಳೆಯ ಯಂತ್ರವೂ ಸುಲಭವಾಗಿ ಓಡಿಸುವ ವಿಡಿಯೊ ಇರಬಹುದು, ಹೊಸ ಯಂತ್ರವೂ ತಿಣುಕುವ ವಿಡಿಯೊ ಇರಬಹುದು. "ನನ್ನ ಕಂಪ್ಯೂಟರ್‌ನಲ್ಲಿ ಎಂಪಿ4 ಓಡುತ್ತದೆ, ಇದೊಂದೇ ಓಡುವುದಿಲ್ಲ" ಎಂಬ ದೂರಿಗೆ ಉತ್ತರ ಇಲ್ಲಿಯೇ ಇದೆ.

ಮೀಡಿಯಾಇನ್ಫೋದಲ್ಲಿ ಕಡತವನ್ನು ತೆರೆದು, ವ್ಯೂ ಪಟ್ಟಿಯಲ್ಲಿ ಟ್ರೀ ಅಥವಾ ಟೆಕ್ಸ್ಟ್ ಆರಿಸಿಕೊಂಡು, ವಿಡಿಯೊ ಭಾಗದಲ್ಲಿರುವ ಐದು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ಕೋಡೆಕ್, ಬಿಟ್ ಡೆಪ್ತ್ (ಬಣ್ಣದ ಸೂಕ್ಷ್ಮತೆ), ಅಳತೆ, ಫ್ರೇಮ್ ದರ (ಸೆಕೆಂಡಿಗೆ ಎಷ್ಟು ಚಿತ್ರಗಳು), ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ದತ್ತಾಂಶ).

ಇವುಗಳಲ್ಲಿ ಕೋಡೆಕ್ ಎಲ್ಲಕ್ಕಿಂತ ಮುಖ್ಯ. ಎವಿಸಿ ಎಂದಿದ್ದರೆ ಅದು ಎಚ್.264, ಹೆಚ್ಚಿನ ಯಂತ್ರಗಳಿಗೆ ಸುಲಭ. ಎಚ್‌ಇವಿಸಿ ಎಂದಿದ್ದರೆ ಅದು ಎಚ್.265, ಕಡಿಮೆ ಜಾಗದಲ್ಲಿ ಅದೇ ಗುಣಮಟ್ಟ ಕೊಡುತ್ತದೆ, ಆದರೆ ಬಿಡಿಸುವ ಲೆಕ್ಕಾಚಾರ ಹೆಚ್ಚು. ಇವಲ್ಲದೆ ವಿಪಿ9 ಮತ್ತು ಎವಿ1 ಇರಬಹುದು. ಐಫೋನ್‌ಗಳು 2017ರ ಐಒಎಸ್ 11ರಿಂದ ಈಚೆಗೆ ವಿಡಿಯೊವನ್ನು ಎಚ್‌ಇವಿಸಿಯಲ್ಲಿ ಉಳಿಸಬಲ್ಲವು. ಆಂಡ್ರಾಯ್ಡ್ ಫೋನ್‌ಗಳಲ್ಲೂ ಇಂಥ ಆಯ್ಕೆ ಸಾಮಾನ್ಯವಾಗಿದೆ. ಫೋನ್‌ನಲ್ಲಿ ಚೆನ್ನಾಗಿ ಓಡುವ ವಿಡಿಯೊ ಅದಕ್ಕಿಂತ ದೊಡ್ಡ ಲ್ಯಾಪ್‌ಟಾಪ್‌ನಲ್ಲಿ ತಡವರಿಸುವುದೇಕೆ ಎಂದು ಬೆರಗಾಗುವವರು ಈ ಸಂಗತಿಯನ್ನು ಗಮನಿಸಬೇಕು: ಫೋನ್‌ನ ಚಿಪ್‌ನಲ್ಲಿ ಎಚ್‌ಇವಿಸಿ ಬಿಡಿಸುವ ವ್ಯವಸ್ಥೆ ಇದೆ, ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇಲ್ಲ.

ಬಿಟ್ ಡೆಪ್ತ್ 8 ಇದೆಯೋ 10 ಇದೆಯೋ ತಪ್ಪದೆ ನೋಡಿ. ಎಚ್.264 ಆಗಿದ್ದೂ 10 ಬಿಟ್ ಇದ್ದರೆ ಅದು ಎಚ್ಚರಿಕೆಯ ಚಿಹ್ನೆ. ಹೆಚ್ಚಿನ ಗ್ರಾಫಿಕ್ಸ್ ಚಿಪ್‌ಗಳು ಈ ಬಗೆಯನ್ನು ಬಿಡಿಸುವುದೇ ಇಲ್ಲ, ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಅಳತೆಯ ವಿಷಯದಲ್ಲಿ, 3840×2160 ಅಂದರೆ 4ಕೆ ವಿಡಿಯೊದ ಪ್ರತಿ ಫ್ರೇಮ್‌ನಲ್ಲಿ 1920×1080ಕ್ಕಿಂತ ನಾಲ್ಕು ಪಟ್ಟು ಚುಕ್ಕೆಗಳಿರುತ್ತವೆ. ಅದರ ಜೊತೆಗೆ ಫ್ರೇಮ್ ದರ 25ರಿಂದ 50ಕ್ಕೆ ಏರಿದ್ದರೆ ಕೆಲಸ ಎಂಟು ಪಟ್ಟಾಗುತ್ತದೆ.

## ಹಂತ 2: ಕಂಪ್ಯೂಟರ್‌ನ ಚಿಪ್ ಏನನ್ನು ಬಿಡಿಸಬಲ್ಲದು

ವಿಡಿಯೊವನ್ನು ಬಿಡಿಸಲು ಎರಡು ದಾರಿಗಳಿವೆ. ಪ್ರೊಸೆಸರ್ ತಾನೇ ಲೆಕ್ಕ ಹಾಕುತ್ತ ಬಿಡಿಸುವುದು ಒಂದು. ಗ್ರಾಫಿಕ್ಸ್ ಚಿಪ್‌ನೊಳಗೆ ಅದಕ್ಕೆಂದೇ ಇರುವ ಪ್ರತ್ಯೇಕ ಸರ್ಕ್ಯೂಟ್ ಬಿಡಿಸುವುದು ಇನ್ನೊಂದು. ಎರಡನೆಯದನ್ನೇ ಹಾರ್ಡ್‌ವೇರ್ ಡಿಕೋಡಿಂಗ್ ಎನ್ನುತ್ತಾರೆ. ಅದು ಕಡಿಮೆ ವಿದ್ಯುತ್ತಿನಲ್ಲಿ, ಕಡಿಮೆ ಶಾಖದಲ್ಲಿ ಕೆಲಸ ಮುಗಿಸುತ್ತದೆ. ಆದರೆ ಆ ಸರ್ಕ್ಯೂಟ್ ಯಾವ ಕೋಡೆಕ್‌ಗೆಂದು ತಯಾರಾಗಿದೆಯೋ ಅದನ್ನು ಮಾತ್ರ ಬಿಡಿಸುತ್ತದೆ. ಯಾವ ಪ್ಲೇಯರ್ ಹಾಕಿದರೂ, ಯಾವ ಅಪ್‌ಡೇಟ್ ಮಾಡಿದರೂ ಅದಕ್ಕೆ ಹೊಸ ಕೋಡೆಕ್ ಕಲಿಸಲಾಗುವುದಿಲ್ಲ.

ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಒತ್ತಿದರೆ ಪ್ರೊಸೆಸರ್ ಹೆಸರು ಕಾಣುತ್ತದೆ. ಇಂಟೆಲ್ ಕೋರ್ ಸಾಲಿನ ಹಳೆಯ ಹೆಸರುಗಳಲ್ಲಿ ಅಡ್ಡಗೆರೆಯ ನಂತರ ಮೊದಲು ಬರುವ ಒಂದು ಅಥವಾ ಎರಡು ಅಂಕಿ ತಲೆಮಾರನ್ನು ಹೇಳುತ್ತದೆ: ಐ5-4210ಯು ನಾಲ್ಕನೆಯ ತಲೆಮಾರು, ಐ5-8250ಯು ಎಂಟನೆಯದು, ಐ5-1135ಜಿ7 ಹನ್ನೊಂದನೆಯದು. ಪೆಂಟಿಯಮ್ ಮತ್ತು ಸೆಲೆರಾನ್‌ಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಇಂಟೆಲ್‌ನ ಒಳಗ್ರಾಫಿಕ್ಸ್‌ನಲ್ಲಿ, ಅಂದರೆ ಪ್ರೊಸೆಸರ್‌ನೊಳಗೇ ಇರುವ ಗ್ರಾಫಿಕ್ಸ್ ಚಿಪ್‌ನಲ್ಲಿ, ಎಚ್.264 ಬಿಡಿಸುವ ವ್ಯವಸ್ಥೆ 2011ರ ಎರಡನೆಯ ತಲೆಮಾರಿನಿಂದ ಈಚಿನ ಎಲ್ಲ ಕೋರ್ ಪ್ರೊಸೆಸರ್‌ಗಳಲ್ಲಿದೆ. 8 ಬಿಟ್ ಎಚ್‌ಇವಿಸಿಯನ್ನು ಪೂರ್ತಿಯಾಗಿ ಬಿಡಿಸುವ ವ್ಯವಸ್ಥೆ ಆರನೆಯ ತಲೆಮಾರಿನಿಂದ, 10 ಬಿಟ್ ಎಚ್‌ಇವಿಸಿ ಮತ್ತು ವಿಪಿ9 ಏಳನೆಯದರಿಂದ, ಎವಿ1 ಹನ್ನೊಂದನೆಯದರಿಂದ ಬಂದವು. ಪ್ರತ್ಯೇಕ ಕಾರ್ಡ್‌ಗಳಲ್ಲಿ ಎನ್‌ವಿಡಿಯಾದ ಜಿಟಿಎಕ್ಸ್ 10 ಸಾಲು 10 ಬಿಟ್ ಎಚ್‌ಇವಿಸಿಯನ್ನೂ ಆರ್‌ಟಿಎಕ್ಸ್ 30 ಸಾಲು ಎವಿ1ನ್ನೂ ಬಿಡಿಸುತ್ತದೆ. ಎಎಂಡಿಯ ಆರ್‌ಎಕ್ಸ್ 6000 ಸಾಲಿನಲ್ಲಿ ಎವಿ1 ಇದೆ, ಆದರೆ ಅದೇ ಸಾಲಿನ ಅಗ್ಗದ 6400 ಮತ್ತು 6500 ಎಕ್ಸ್‌ಟಿಗಳಲ್ಲಿ ಇಲ್ಲ. ಕೊಳ್ಳುವವರು ಇದನ್ನು ನೆನಪಿಡಬೇಕು. ಆಪಲ್‌ನ ಎಂ1ರಲ್ಲಿ ಎಚ್‌ಇವಿಸಿ ಇದೆ, ಎವಿ1 ಬಂದದ್ದು 2023ರ ಎಂ3ರಲ್ಲಿ.

ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿದ್ದರೆ ಅದರಲ್ಲಿ ಒಳಗ್ರಾಫಿಕ್ಸ್ ಬಳಕೆಗಿಲ್ಲ. ಅಲ್ಲಿ ಡಿಕೋಡಿಂಗ್ ಪೂರ್ತಿ ಪ್ರತ್ಯೇಕ ಕಾರ್ಡ್‌ನ ಕೆಲಸ.

ಈಗ ಹಂತ 1ರಲ್ಲಿ ಬರೆದುಕೊಂಡದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡೂ ಹೊಂದಿದರೆ ನಿಮ್ಮ ವಿಡಿಯೊ ಸರಾಗವಾಗಿ ಓಡಲೇಬೇಕು, ಓಡದಿದ್ದರೆ ಮುಂದಿನ ಹಂತಗಳಲ್ಲಿ ಎಲ್ಲೋ ತಡೆ ಇದೆ ಎಂದರ್ಥ. ಹೊಂದದಿದ್ದರೆ ಎದೆಗುಂದಬೇಕಾಗಿಲ್ಲ: ನಾಲ್ಕನೆಯ ತಲೆಮಾರಿನ ಐ5 ಕೂಡ ಸಾಧಾರಣ ಬಿಟ್‌ರೇಟ್‌ನ 1080 ಎಚ್‌ಇವಿಸಿಯನ್ನು ಪ್ರೊಸೆಸರ್ ಬಲದಿಂದಲೇ ಓಡಿಸಬಲ್ಲದು. ಅದರಿಂದ 4ಕೆ ಎಚ್‌ಇವಿಸಿಯನ್ನು ನಿರೀಕ್ಷಿಸುವುದು ಮಾತ್ರ ವ್ಯರ್ಥ. ಅಂಥವರು ನೇರವಾಗಿ ಹಂತ 8ಕ್ಕೆ ಹೋಗಬಹುದು.

## ಹಂತ 3: ಗ್ರಾಫಿಕ್ಸ್ ಡ್ರೈವರ್ ಸರಿಯಾಗಿದೆಯೆ

ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬ ಸಾಲನ್ನು ಬಿಡಿಸಿ. ಅಲ್ಲಿ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಹೆಸರಿನ ಬದಲು "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಎಂದಿದ್ದರೆ ನಿಮ್ಮ ತೊಂದರೆಯ ಮೂಲ ಸಿಕ್ಕಿತು. ಅಂಗಡಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿಸಿದ ನಂತರ ಡ್ರೈವರ್ ಹಾಕುವುದನ್ನು ಬಿಟ್ಟಾಗ ಹೀಗಾಗುತ್ತದೆ. ಪರದೆ ಉರಿಯುತ್ತದೆ, ಕಡತಗಳು ತೆರೆಯುತ್ತವೆ, ಆದರೆ ಹಾರ್ಡ್‌ವೇರ್ ಡಿಕೋಡಿಂಗ್ ಇರುವುದಿಲ್ಲ. ಈ ಸ್ಥಿತಿಯಲ್ಲಿ ಪ್ಲೇಯರ್ ಬದಲಾಯಿಸಿ ಪ್ರಯೋಜನವಿಲ್ಲ.

ಲ್ಯಾಪ್‌ಟಾಪ್ ಆದರೆ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಯ ಡ್ರೈವರನ್ನು ಮೊದಲು ಹುಡುಕಿ. ಅಲ್ಲಿಲ್ಲದಿದ್ದರೆ ಚಿಪ್ ತಯಾರಕರ ತಾಣಕ್ಕೆ ಹೋಗಿ. "ನಿಮ್ಮ ಎಲ್ಲ ಡ್ರೈವರ್‌ಗಳನ್ನು ಒಂದೇ ಒತ್ತಿನಲ್ಲಿ ನವೀಕರಿಸುತ್ತೇವೆ" ಎನ್ನುವ ತಂತ್ರಾಂಶಗಳನ್ನು ದೂರವಿಡಿ.

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಸೆಟ್ಟಿಂಗ್ಸ್‌ನ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬಲ್ಲಿ ಪ್ಲೇಯರ್ ಯಾವುದನ್ನು ಬಳಸಬೇಕೆಂದು ನಿಗದಿ ಮಾಡಬಹುದು. ನಿಮ್ಮ ಕೋಡೆಕ್ಕನ್ನು ಎರಡೂ ಬಿಡಿಸಬಲ್ಲವಾದರೆ ಒಳಗ್ರಾಫಿಕ್ಸನ್ನೇ ಆರಿಸಿ, ಬ್ಯಾಟರಿ ಉಳಿಯುತ್ತದೆ.

## ಹಂತ 4: ಪ್ಲೇಯರ್ ಆಯ್ಕೆ

ಈಗ ಪ್ಲೇಯರ್. ನನ್ನ ಅಭಿಪ್ರಾಯದಲ್ಲಿ ಪರಿಗಣಿಸಬೇಕಾದವು ಮೂರು: ವಿಎಲ್‌ಸಿ, ಎಂಪಿವಿ, ಎಂಪಿಸಿ-ಎಚ್‌ಸಿ. ಮೂರೂ ಉಚಿತ, ಮೂರರಲ್ಲೂ ಜಾಹೀರಾತಿಲ್ಲ, ಮೂರೂ ಸಾಮಾನ್ಯ ಕೋಡೆಕ್‌ಗಳನ್ನು ತಮ್ಮೊಳಗೇ ಇಟ್ಟುಕೊಂಡಿರುವುದರಿಂದ ಕೋಡೆಕ್ ಪ್ಯಾಕ್‌ನ ಅಗತ್ಯವೇ ಇಲ್ಲ.

ಮನೆಯಲ್ಲಿ ಹಲವರು ಬಳಸುವ ಕಂಪ್ಯೂಟರ್‌ಗೆ ವಿಎಲ್‌ಸಿ ಸಾಕು. ಹೊಂದಿಕೆಗಳೆಲ್ಲ ಪಟ್ಟಿಗಳಲ್ಲಿ ಸಿಗುತ್ತವೆ, ಹಳೆಯ ವಿಂಡೋಸ್‌ನಲ್ಲೂ ಓಡುತ್ತದೆ, ಅರ್ಧಂಬರ್ಧ ಇಳಿದ ಕಡತವನ್ನೂ ತೆರೆಯಲು ಪ್ರಯತ್ನಿಸುತ್ತದೆ, ಹಾರ್ಡ್‌ವೇರ್ ಡಿಕೋಡಿಂಗ್ ತಾನಾಗಿಯೇ ಚಾಲೂ ಇರುತ್ತದೆ.

ಚಲನೆಯ ನಯ ಮತ್ತು ಚಿತ್ರದ ಗುಣಮಟ್ಟವೇ ಮುಖ್ಯವೆನ್ನುವವರಿಗೆ ಎಂಪಿವಿ ಇನ್ನೂ ಚೆನ್ನ. ಇದರಲ್ಲಿ ಪಟ್ಟಿಗಳು ಇಲ್ಲವೆನ್ನುವಷ್ಟು ಕಡಿಮೆ; ಕೆಲಸವೆಲ್ಲ ಕೀಲಿಮಣೆಯಿಂದ ಮತ್ತು ಒಂದು ಹೊಂದಿಕೆ ಕಡತದಿಂದ ನಡೆಯುತ್ತದೆ. ಬಹಳ ಜನ ಎಡವುವುದು ಇಲ್ಲಿಯೇ: ಎಂಪಿವಿಯಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಮೂಲತಃ ಆಫ್ ಆಗಿರುತ್ತದೆ. ವಿಡಿಯೊ ಓಡುತ್ತಿರುವಾಗ ಕಂಟ್ರೋಲ್ ಹಿಡಿದು ಎಚ್ ಒತ್ತಿದರೆ ಅದು ಆನ್ ಆಗುತ್ತದೆ, ಮತ್ತೆ ಒತ್ತಿದರೆ ಆಫ್. ಅದನ್ನು ಮಾಡದೆ "ಎಂಪಿವಿ ನಿಧಾನ" ಎಂದು ತೀರ್ಮಾನಿಸಬೇಡಿ. ಪಟ್ಟಿಗಳು ಬೇಕೇ ಬೇಕೆನ್ನುವವರಿಗೆ ಎಂಪಿವಿಯನ್ನೇ ಒಳಗಿಟ್ಟುಕೊಂಡ ಎಸ್‌ಎಂಪ್ಲೇಯರ್ ಇದೆ. ಮ್ಯಾಕ್‌ನಲ್ಲಿ ಐಐಎನ್‌ಎ ಅದೇ ಕೆಲಸ ಮಾಡುತ್ತದೆ.

ಎಂಪಿಸಿ-ಎಚ್‌ಸಿ ವಿಂಡೋಸ್‌ಗೆ ಮಾತ್ರ. ಬಹಳ ಹಗುರ, ಹಳೆಯ ಯಂತ್ರಗಳಿಗೆ ಹೇಳಿಮಾಡಿಸಿದ್ದು. ಮೂಲ ತಂಡ 2017ರಲ್ಲಿ ಕೆಲಸ ನಿಲ್ಲಿಸಿತು. ಈಗ ಗಿಟ್‌ಹಬ್‌ನಲ್ಲಿ ಮುಂದುವರಿದಿರುವ ಆವೃತ್ತಿಯನ್ನೇ ಬಳಸಬೇಕು. ಹುಡುಕಾಟದಲ್ಲಿ ಮೊದಲು ಸಿಗುವ 2017ರ ಪ್ರತಿಯನ್ನು ಹಾಕಿಕೊಂಡರೆ ಎವಿ1ರಂಥ ಹೊಸ ಕೋಡೆಕ್‌ಗಳಲ್ಲಿ ಕಪ್ಪು ಪರದೆಯೇ ಗತಿ.

ವಿಂಡೋಸ್ ಜೊತೆ ಬರುವ ಪ್ಲೇಯರ್ ಎಚ್.264ಕ್ಕೆ ಏನೂ ಕಡಿಮೆಯಿಲ್ಲ. ಎಚ್‌ಇವಿಸಿಗೆ ಮಾತ್ರ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಪ್ರತ್ಯೇಕ ಎಕ್ಸ್‌ಟೆನ್ಶನ್ ಬೇಕಾಗಬಹುದು. ಧ್ವನಿ ಬಂದು ಚಿತ್ರ ಬಾರದಿದ್ದರೆ ಅದರ ಕೊರತೆಯೆಂದು ತಿಳಿಯಿರಿ.

ಇಳಿಸಿಕೊಳ್ಳುವಾಗ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ವಿಎಲ್‌ಸಿಯ ತಾಣ ವಿಡಿಯೊಲ್ಯಾನ್ ಡಾಟ್ ಆರ್ಗ್. ಅದು ಹಣ ಕೇಳುವುದಿಲ್ಲ, ಫೋನ್ ಸಂಖ್ಯೆ ಕೇಳುವುದಿಲ್ಲ. ಕೇಳಿದರೆ ನೀವು ನಕಲಿ ತಾಣದಲ್ಲಿದ್ದೀರಿ. "ಈ ವಿಡಿಯೊ ನೋಡಲು ಕೋಡೆಕ್ ಅಪ್‌ಡೇಟ್ ಮಾಡಿ" ಎಂದು ಬ್ರೌಸರ್‌ನಲ್ಲಿ ದಿಢೀರನೆ ತೆರೆಯುವ ಕಿಟಕಿಯನ್ನು ಕೂಡಲೇ ಮುಚ್ಚಿ. ಕುತಂತ್ರಾಂಶ ಹರಡುವವರ ಹಳೆಯ ದಾರಿ ಅದು. ವಿಂಡೋಸ್ 64 ಬಿಟ್ ಆಗಿದ್ದರೆ ಪ್ಲೇಯರ್ ಕೂಡ 64 ಬಿಟ್‌ನದೇ ಇರಲಿ.

## ಹಂತ 5: ಪ್ಲೇಯರ್‌ನೊಳಗಿನ ಹೊಂದಿಕೆಗಳು

ಇಲ್ಲಿ ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ, ಅದಾದ ಮೇಲೆ ಪ್ಲೇಯರ್ ಮುಚ್ಚಿ ತೆರೆದು ಪರೀಕ್ಷೆ. ನಾಲ್ಕು ಹೊಂದಿಕೆಗಳನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದು ಸರಿಪಡಿಸಿತು, ಯಾವುದು ಕೆಡಿಸಿತು ಎಂದು ಎಂದಿಗೂ ತಿಳಿಯುವುದಿಲ್ಲ.

ವಿಎಲ್‌ಸಿಯಲ್ಲಿ ಟೂಲ್ಸ್, ಪ್ರಿಫರೆನ್ಸಸ್, ಇನ್‌ಪುಟ್/ಕೋಡೆಕ್ಸ್ ಎಂಬಲ್ಲಿಗೆ ಹೋಗಿ ಹಾರ್ಡ್‌ವೇರ್ ಡಿಕೋಡಿಂಗ್ ಸಾಲು ಆಟೊಮ್ಯಾಟಿಕ್ ಇದೆಯೆ ನೋಡಿ. ಯಾರೋ ಕೊಟ್ಟ ಸಲಹೆಯಂತೆ ಎಂದೋ ಅದನ್ನು ಡಿಸೇಬಲ್ ಮಾಡಿ ಮರೆತಿರುವುದು ಸಾಮಾನ್ಯ. ಚಿತ್ರದಲ್ಲಿ ಹಸಿರು ಪಟ್ಟೆ ಅಥವಾ ಚೌಕಚೌಕ ಕಲೆಗಳು ಕಂಡರೆ ಅದೇ ಸಾಲಿನಲ್ಲಿ ಡೈರೆಕ್ಟ್3ಡಿ11 ಮತ್ತು ಡಿಎಕ್ಸ್‌ವಿಎ 2.0 ಎರಡನ್ನೂ ಒಂದೊಂದಾಗಿ ಪ್ರಯತ್ನಿಸಿ. ಆಗಲೂ ಹೋಗದಿದ್ದರೆ ದೋಷ ಡ್ರೈವರ್‌ನದು, ಹಂತ 3ಕ್ಕೆ ಹಿಂದಿರುಗಿ.

ಅದೇ ಪುಟದಲ್ಲಿ ಎಚ್.264ಕ್ಕೆ ಲೂಪ್ ಫಿಲ್ಟರ್ (ಚಿತ್ರದ ಚೌಕಚೌಕ ಅಂಚುಗಳನ್ನು ನಯಗೊಳಿಸುವ ಕೆಲಸ) ಬಿಟ್ಟುಬಿಡುವ ಆಯ್ಕೆ ಇದೆ. ಇದರಿಂದ ಚಿತ್ರ ತುಸು ಒರಟಾಗುತ್ತದೆ, ಆದರೆ ಪ್ರೊಸೆಸರ್ ಭಾರ ಇಳಿಯುತ್ತದೆ. ಹಾರ್ಡ್‌ವೇರ್ ನೆರವೇ ಇಲ್ಲದ ಯಂತ್ರದಲ್ಲಿ ಮಾತ್ರ ಬಳಸಿ.

ಫೈಲ್ ಕ್ಯಾಶಿಂಗ್ (ಕಡತವನ್ನು ಮುಂಚಿತವಾಗಿ ಓದಿಟ್ಟುಕೊಳ್ಳುವ ಅವಧಿ) ಎಂಬುದನ್ನು 1000 ಮಿಲಿಸೆಕೆಂಡ್‌ನಿಂದ ಹೆಚ್ಚಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಕಡತ ನಿಧಾನದ ಡಿಸ್ಕ್‌ನಲ್ಲೋ ಮನೆಯ ನೆಟ್‌ವರ್ಕ್‌ನಲ್ಲೋ ಇದ್ದಾಗ ಅದನ್ನು 3000ದವರೆಗೆ ಏರಿಸುವುದು ಉಪಯುಕ್ತ. ಡಿಕೋಡಿಂಗ್ ಶಕ್ತಿಯೇ ಸಾಲದಿದ್ದಾಗ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ. ಹೊಂದಿಕೆಗಳು ಗೋಜಲಾಗಿವೆ ಎನಿಸಿದರೆ ಪ್ರಿಫರೆನ್ಸಸ್ ಕಿಟಕಿಯ ಕೆಳಗಿರುವ ರೀಸೆಟ್ ಒತ್ತಿ ಮೊದಲಿನಿಂದ ಶುರುಮಾಡಿ.

## ಹಂತ 6: ಕಣ್ಣಿನಿಂದಲ್ಲ, ಅಂಕಿಗಳಿಂದ ಪರೀಕ್ಷಿಸಿ

ವಿಡಿಯೊದಲ್ಲಿ ಹೆಚ್ಚು ಚಲನೆ ಇರುವ ಎರಡು ನಿಮಿಷದ ಭಾಗವನ್ನು ಆರಿಸಿಕೊಳ್ಳಿ. ಆರತಕ್ಷತೆಯಲ್ಲಿ ಸಾಲಾಗಿ ನಿಂತ ದೃಶ್ಯಕ್ಕಿಂತ ದಿಬ್ಬಣದ ದೃಶ್ಯ ಒಳ್ಳೆಯದು. ನಿಮ್ಮದೇ ಕಡತ ಹಾಳಾಗಿರಬಹುದೆಂಬ ಅನುಮಾನವಿದ್ದರೆ ಬ್ಲೆಂಡರ್ ಸಂಸ್ಥೆ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿರುವ ಕಿರುಚಿತ್ರಗಳನ್ನು ಇಳಿಸಿಕೊಂಡು ಹೋಲಿಸಿ ನೋಡಬಹುದು.

ವಿಡಿಯೊ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜಿಪಿಯು ಒತ್ತಿ, ವಿಡಿಯೊ ಡಿಕೋಡ್ ಎಂಬ ನಕ್ಷೆಯನ್ನು ನೋಡಿ. ಕೆಲವು ಚಿಪ್‌ಗಳಲ್ಲಿ ಇದು ವಿಡಿಯೊ ಕೋಡೆಕ್ ಎಂಬ ಹೆಸರಿನಲ್ಲಿರುತ್ತದೆ. ಜೊತೆಗೆ ವಿಎಲ್‌ಸಿಯಲ್ಲಿ ಕಂಟ್ರೋಲ್ ಹಿಡಿದು ಜೆ ಒತ್ತಿ ಸ್ಟ್ಯಾಟಿಸ್ಟಿಕ್ಸ್ ಪುಟದಲ್ಲಿ ಲಾಸ್ಟ್ ಎಂಬ ಅಂಕಿಯನ್ನು, ಎಂಪಿವಿಯಲ್ಲಿ ಐ ಒತ್ತಿ ಡ್ರಾಪ್ಡ್ ಫ್ರೇಮ್ಸ್ ಎಂಬುದನ್ನು ಗಮನಿಸಿ.

ಡಿಕೋಡ್ ನಕ್ಷೆ ಸೊನ್ನೆಯಲ್ಲಿದ್ದು ಸಿಪಿಯು 90ರ ಮೇಲಿದ್ದರೆ ಹಾರ್ಡ್‌ವೇರ್ ಬಳಕೆಯಾಗುತ್ತಿಲ್ಲ. ಕಾರಣ ಹಂತ 2, 3 ಅಥವಾ 5ರಲ್ಲಿದೆ. ಡಿಕೋಡ್ ನಕ್ಷೆಯೇ 100ಕ್ಕೆ ತಾಗಿ ನಿಂತಿದ್ದರೆ ಚಿಪ್ ತನ್ನ ಮಿತಿ ಮುಟ್ಟಿದೆ. ಎರಡೂ ಕಡಿಮೆ ಇದ್ದು ಚಿತ್ರ ತಡವರಿಸುತ್ತಿದ್ದರೆ ಡಿಕೋಡಿಂಗ್‌ನಲ್ಲಿ ದೋಷವಿಲ್ಲ, ಮುಂದಿನ ಹಂತ ನೋಡಿ. ಮೊದಲ ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ ಆಮೇಲೆ ತಡವರಿಸಿದರೆ ಅದು ಶಾಖದ ಲಕ್ಷಣ: ಬಿಸಿಯೇರಿದ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಂದ ಮೇಜಿಗೆ ತನ್ನಿ, ಫ್ಯಾನಿನ ಧೂಳು ತೆಗೆಸಿ, ಚಾರ್ಜರ್ ಹಾಕಿ, ಬ್ಯಾಟರಿ ಸೇವರ್ ಆಫ್ ಮಾಡಿ.

## ಹಂತ 7: ಡಿಸ್ಕ್, ಪರದೆ, ಗೆರೆಗಳು

ಬ್ಲೂ-ರೇ ಡಿಸ್ಕ್‌ನ ಎಚ್‌ಡಿ ಚಿತ್ರಕ್ಕೂ ಸೆಕೆಂಡಿಗೆ ಗರಿಷ್ಠ 40 ಮೆಗಾಬಿಟ್ ಸಾಕು, ಯುಎಸ್‌ಬಿ 2.0ರ ಘೋಷಿತ ವೇಗ 480 ಮೆಗಾಬಿಟ್. ಆದ್ದರಿಂದ ಚೆನ್ನಾಗಿರುವ ಪೆನ್‌ಡ್ರೈವ್ ತಡೆಯಾಗಬಾರದು. ಸವೆದ ಪೆನ್‌ಡ್ರೈವ್, ದೂರದ 2.4 ಗಿಗಾಹರ್ಟ್ಸ್ ವೈಫೈ, ಕೇಬಲ್‌ನಲ್ಲಿ ಜೋಡಿಸಿದ ಫೋನ್ ಇವು ತಡೆಯಾಗುತ್ತವೆ. ಫೋನ್‌ನೊಳಗಿನ ಕಡತವನ್ನು ನೇರವಾಗಿ ಓಡಿಸದೆ ಮೊದಲು ನಕಲಿಸಿಕೊಳ್ಳಿ.

ಸಾಲುಗಂಬಗಳ ಮೇಲೆ ಕ್ಯಾಮೆರಾ ನಿಧಾನವಾಗಿ ಸಾಗುವಂಥ ದೃಶ್ಯದಲ್ಲಿ ಮಾತ್ರ ಒಂದೇ ಸಮನೆ ಕುಲುಕಾಟ ಕಾಣುತ್ತದೆ, ಕಳೆದುಹೋದ ಫ್ರೇಮ್‌ಗಳ ಸಂಖ್ಯೆ ಮಾತ್ರ ಸೊನ್ನೆ. ಇದು ಪರದೆಯ ಲೆಕ್ಕ. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. 24 ಫ್ರೇಮ್‌ಗಳ ಸಿನಿಮಾವನ್ನು ಅದರಲ್ಲಿ ತೋರಿಸಲು ಒಂದು ಫ್ರೇಮನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸಬೇಕಾಗುತ್ತದೆ. ಭಾರತದ ಟಿವಿ ಪದ್ಧತಿಗೆ ಹೊಂದುವ 25 ಫ್ರೇಮ್‌ಗಳ ವಿಡಿಯೊ ಕೂಡ 60ಕ್ಕೆ ಸರಿಯಾಗಿ ಹಂಚಿಹೋಗುವುದಿಲ್ಲ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ಡಿಸ್‌ಪ್ಲೇಯಲ್ಲಿ 50 ಹರ್ಟ್ಸ್ ಸಿಗುವುದಾದರೆ 25 ಮತ್ತು 50 ಫ್ರೇಮ್‌ಗಳಿಗೆ ಅದನ್ನೂ, 24 ಫ್ರೇಮ್‌ಗಳಿಗೆ 48, 72 ಅಥವಾ 120ನ್ನೂ ಆರಿಸಿ.

ಚಲಿಸುವ ವಸ್ತುಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಂಡರೆ ಅದು ಡಿವಿಡಿ ಅಥವಾ ಹಳೆಯ ಕ್ಯಾಮ್‌ಕಾರ್ಡರ್‌ನ ಇಂಟರ್‌ಲೇಸ್ಡ್ ವಿಡಿಯೊ, ಅಂದರೆ ಪ್ರತಿ ಫ್ರೇಮನ್ನು ಬೆಸ ಗೆರೆ, ಸಮ ಗೆರೆಗಳೆಂದು ಎರಡು ಭಾಗವಾಗಿ ಹಿಡಿದದ್ದು. ವಿಎಲ್‌ಸಿ, ಎಂಪಿವಿ ಎರಡರಲ್ಲೂ ಡಿ ಒತ್ತಿದರೆ ಗೆರೆಗಳು ಹೋಗುತ್ತವೆ.

ಕನ್ನಡ ಸಬ್‌ಟೈಟಲ್ ಬಳಸುವವರಿಗೆ ಒಂದು ಮಾತು: ಕಡತವನ್ನು ಯುನಿಕೋಡ್‌ನ ಯುಟಿಎಫ್-8 ಸಂಕೇತದಲ್ಲಿ ಉಳಿಸಿರಬೇಕು, ಪ್ಲೇಯರ್‌ನ ಸಬ್‌ಟೈಟಲ್ ಹೊಂದಿಕೆಯಲ್ಲಿ ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡದಂಥ ಯುನಿಕೋಡ್ ಅಕ್ಷರಶೈಲಿ ಇರಬೇಕು. ನುಡಿ ಅಥವಾ ಬರಹದ ಹಳೆಯ ಸಂಕೇತದಲ್ಲಿ ಬರೆದದ್ದಾದರೆ ಮೊದಲು ಯುನಿಕೋಡ್‌ಗೆ ಪರಿವರ್ತಿಸಿ.

## ಹಂತ 8: ಯಂತ್ರಕ್ಕೆ ಸಾಧ್ಯವೇ ಇಲ್ಲದಾಗ

ಹಂತ 2ರಲ್ಲೇ ಚಿಪ್ ಹೊಂದದೆಂದು ತಿಳಿದಿದ್ದರೆ ವಿಡಿಯೊವನ್ನೇ ಬದಲಾಯಿಸಬೇಕು. ಸುಲಭದ ದಾರಿ ಸ್ಟುಡಿಯೊದವರನ್ನು ಕೇಳುವುದು: "1080 ಅಳತೆ, ಎಚ್.264, 8 ಬಿಟ್" ಎಂದು ಬರೆದುಕೊಟ್ಟರೆ ಅವರು ಅದೇ ಯೋಜನೆಯಿಂದ ಇನ್ನೊಂದು ಪ್ರತಿ ತೆಗೆಯಬಲ್ಲರು. ಪೆನ್‌ಡ್ರೈವ್ ಎಫ್‌ಎಟಿ32 ಎಂಬ ಹಳೆಯ ಕಡತ ವ್ಯವಸ್ಥೆಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಕೂರುವುದಿಲ್ಲವಾದ್ದರಿಂದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ ಕೊಡಿ. ಅದಕ್ಕೆ ಮುಂಚೆ ಅದರಲ್ಲಿರುವುದನ್ನೆಲ್ಲ ಬೇರೆಡೆ ಉಳಿಸಿ.

ನೀವೇ ಮಾಡುವುದಾದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಬಳಸಿ. 1080ರ ಸಿದ್ಧ ಹೊಂದಿಕೆಯೊಂದನ್ನು ಆರಿಸಿ, ವಿಡಿಯೊ ಪುಟದಲ್ಲಿ ಕೋಡೆಕ್ ಎಚ್.264 ಇದೆಯೆ, ಫ್ರೇಮ್ ದರ ಮೂಲದಂತೆಯೇ ಇದೆಯೆ ನೋಡಿ, ಗುಣಮಟ್ಟದ ಆರ್‌ಎಫ್ ಅಂಕಿಯನ್ನು 20ರಿಂದ 22ರ ನಡುವೆ ಇಡಿ. ಇಲ್ಲಿ ಅಂಕಿ ಇಳಿದಷ್ಟೂ ಗುಣಮಟ್ಟ ಮತ್ತು ಕಡತದ ಗಾತ್ರ ಏರುತ್ತವೆ. ಹಳೆಯ ಯಂತ್ರದಲ್ಲಿ ಇಡೀ ಮದುವೆಯ ವಿಡಿಯೊ ಪರಿವರ್ತನೆಯಾಗಲು ಹಲವು ಗಂಟೆಗಳೇ ಬೇಕಾಗುವುದರಿಂದ, ಮೊದಲು ರೇಂಜ್ ಎಂಬಲ್ಲಿ ಸೆಕೆಂಡ್ಸ್ ಆರಿಸಿ ಒಂದು ನಿಮಿಷದ ತುಣುಕನ್ನು ಮಾತ್ರ ಪರಿವರ್ತಿಸಿ, ಹಂತ 6ರಂತೆ ಪರೀಕ್ಷಿಸಿ, ಸರಿಯೆನಿಸಿದರೆ ರಾತ್ರಿ ಚಾರ್ಜರ್ ಹಾಕಿ, ಲ್ಯಾಪ್‌ಟಾಪ್ ನಿದ್ರೆಗೆ ಜಾರದಂತೆ ಹೊಂದಿಸಿ ಪೂರ್ತಿ ಕಡತವನ್ನು ಪರಿವರ್ತನೆಗೆ ಬಿಡಿ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ಮುಂದೆ ಹೊಸ ಕಂಪ್ಯೂಟರ್ ಬಂದಾಗ 4ಕೆ ಪ್ರತಿಯನ್ನೇ ನೋಡಬಹುದು.